ಒಂದು ಬೊಗಸೆ ಎಳ್ಳುನೀರು

ಯಾರದೋ ಕೂದಲು ಕಾಲಿಗೆ ಸುತ್ತಿಕೊಂಡಿತು, ಥೂ, ಒದರಿದರೂ ಬಿಡುವುದಿಲ್ಲ, ಮೇಲುಗಡೆ ಸಾಲಾಗಿ ಕೂತು ಮಂಡೆ ಬೋಳಿಸಿಕೊಳ್ಳುವವರ ಕೂದಲೆಲ್ಲ ತೇಲಿಕೊಂಡು ಈ ಕಡೆಗೇ ಬರುವುದು, ಅದರಲ್ಲಿ ಉತ್ತಯ್ಯನದೂ ಉಂಟು, ನನ್ನ ಮೈದುನನದು, ಅಣ್ಣನ ಹೆಸರಿನಲ್ಲಿ ಬೋಳಿಸಿಕೊಂಡದ್ದು, ಪಾಪ, ಬೋಳು ಮಂಡೆಯಲ್ಲಿ ಅವನ ಕಿವಿ ಎಷ್ಟು ದೊಡ್ಡದು ಕಾಣ್ತದೆ, ಅವರ ಕಿವಿಯೂ ಹೀಗೇ ಇತ್ತಾ, ಇತ್ತು ಅಂತ ಕಾಣ್ತದೆ, ಮುಖ ಮಾತ್ರ ಜಪ್ಪಯ್ಯ ಅಂದರೂ ನೆನಪಿಗೆ ಬರುವುದಿಲ್ಲ, ಗಂಡನ ಮುಖ ಮರೆತವಳು ಗಂಡನ ಪಿಂಡಕ್ಕೆ ಬಂದು ನಿಂತಿದ್ದೇನೆ, ಚಂದ ಉಂಟು. ನೀರು ಮೊಣಕಾಲಿಗೆ ಬಂತು, ತುಲಾ ಸಂಕ್ರಮಣದ ನೀರು, ಕಾವೇರಿಯೂ ಕನ್ನಿಕೆಯೂ ಸೇರುವ ಜಾಗ, ಇಲ್ಲಿ ಮುಳುಗಿ ಎದ್ದು ಮೇಲೆ ತಲಕಾವೇರಿಗೆ ಹತ್ತಬೇಕು, ಸಂಜೆ ತೀರ್ಥ ಉಕ್ಕುವ ಹೊತ್ತಿಗೆ ಅಲ್ಲಿರಬೇಕು, ಮೂರ್ನಾಡಿನಿಂದ ಬಸ್ಸು ಮಾಡಿಕೊಂಡು ಬಂದವರೆಲ್ಲ ಮಿಂದು ಬಟ್ಟೆ ಹಿಂಡಿಕೊಳ್ತಾ ಇದ್ದಾರೆ, ನಾವು ಮೂವರು ಮಾತ್ರ ನೀರಲ್ಲೇ ಬಾಕಿ, ಉತ್ತಯ್ಯ, ಅತ್ತೆ, ನಾನು. ಬರ್ಮಾದ ಯುದ್ಧಕ್ಕೆ ಹೋದ ಬೊಳ್ಳಪ್ಪ ಕಾಣೆಯಾಗಿ ಹನ್ನೆರಡು ವರ್ಷ ತುಂಬಿತು, ಇವತ್ತು ಇಲ್ಲಿ ಪಿಂಡ ಬಿಟ್ಟರೆ ಅವರು ಸತ್ತ ಹಾಗೆ, ನಾನು ಗಂಡ ಸತ್ತವಳಾದ ಹಾಗೆ, ಮತ್ತೆ — ಹೇಳು, ಒಳಗೆ ಒಳಗೇ ಹೇಳಿಕೋ, ಇಲ್ಲಿ ಯಾರು ಕೇಳ್ತಾರೆ — ಮತ್ತೆ ನಾನು ಸೋಮಯ್ಯನ ಮನೆ ಸೇರಬಹುದು.

ಭಟ್ಟರು ಕೇಳ್ತಾ ಇದ್ದಾರೆ, ತೀರಿಕೊಂಡ ತಿಥಿ ಯಾವುದು, ಉತ್ತಯ್ಯ ಅತ್ತೆಯ ಮುಖ ನೋಡ್ತಾನೆ, ಅತ್ತೆ ನೀರು ನೋಡ್ತಾರೆ, ತಿಥಿ ಎಲ್ಲಿಂದ ತರುವುದು ಭಟ್ಟರೇ, ಕಾಣೆಯಾಗಿದ್ದಾರೆ ಅಂತ ಸರಕಾರದವರು ಹೇಳಿದ್ದು ಒಂದೇ ಮಾತು, ಸತ್ತಿದ್ದಾರೆ ಅಂತ ಯಾರೂ ಹೇಳಲಿಲ್ಲ, ಬದುಕಿದ್ದಾರೆ ಅಂತಲೂ ಹೇಳಲಿಲ್ಲ, ಆ ಎರಡರ ನಡುವೆ ನನ್ನನ್ನು ನಿಲ್ಲಿಸಿ ಎಲ್ಲರೂ ಅವರವರ ಕೆಲಸಕ್ಕೆ ಹೋದರು. ಅವರು ಯುದ್ಧಕ್ಕೆ ಹೋಗುವ ದಿವಸ ಅಂಗಳದಲ್ಲಿ ಕೂತು ಕಾಲಿಗೆ ಪಟ್ಟಿ ಸುತ್ತಿಕೊಳ್ತಾ ಇದ್ದರು, ಸುತ್ತುವ ಕೈ ನೆನಪುಂಟು, ಬೂಟಿನ ಪಾಲಿಶಿನ ವಾಸನೆ ನೆನಪುಂಟು, ಕಿತ್ತಳೆ ಕೊಯ್ಯಲಿಕ್ಕೆ ಬರ್ತೇನೆ ಅಂದದ್ದು ನೆನಪುಂಟು, ನಾನು ಹೂಂ ಅಂದೆನಾ, ಇಲ್ಲವಾ, ಹದಿನೆಂಟು ವರ್ಷದ ಗೂಡೆ, ಸಣ್ಣ ಹುಡುಗಿ, ಅವಳಿಗೆ ಎಂಥ ಗೊತ್ತು, ಮದುವೆಯಾಗಿ ಎರಡು ಮಳೆಗಾಲ ಕಳೆದಿತ್ತು ಅಷ್ಟೆ. ಆಮೇಲೆ ಕರಿಮಣಿ ಹಾಕಿಕೊಂಡು, ಕುಂಕುಮ ಇಟ್ಟುಕೊಂಡು, ಮದುವೆ ಮನೆಗಳಲ್ಲಿ ಅರಿಶಿನ ಕೊಡುವಾಗ ಕೊಡುವವರ ಕೈ ಒಂದು ಗಳಿಗೆ ನಿಲ್ಲುವುದನ್ನು ನೋಡಿಕೊಂಡು — ಇವಳಿಗೆ ಕೊಡಬಹುದಾ, ಕೊಡಬಾರದಾ — ಹುದಿಕೇರಿಯಲ್ಲಿ ಒಬ್ಬಳಂತೂ ಬಟ್ಟಲು ಹಿಡಿದುಕೊಂಡೇ ನನ್ನನ್ನು ದಾಟಿ ಹೋದಳು, ಅವಳ ತಲೆಗಿಷ್ಟು ಬೆಂಕಿ ಬೀಳ ಅಂದುಕೊಂಡೆ, ನಗ್ತಾ ಕೂತೆ. ಅತ್ತೆ ನೋಡಿದರು, ಎದ್ದು ಬಂದು ಆ ಬಟ್ಟಲು ಕಸಿದು ತಾವೇ ನನ್ನ ಕೆನ್ನೆಗೆ ಅರಿಶಿನ ಹಚ್ಚಿದರು, ಗಂಡ ಇಲ್ಲದ ತಾವು ಹಚ್ಚಬಾರದು ಅಂತ ಗೊತ್ತಿದ್ದೂ ಹಚ್ಚಿದರು, ನನ್ನ ಮಗ ಇದ್ದಾನೆ, ಇವಳು ಮುತ್ತೈದೆ, ಯಾರ ಅಪ್ಪಣೆಯೂ ಬೇಡ ಅಂತ ಹೇಳಿ.

ಅದಕ್ಕೇ ನನಗೆ ಅರ್ಥವಾಗದ್ದು, ಆ ಅತ್ತೆ ಈ ಅತ್ತೆ ಹೇಗಾದರು. ವರ್ಷ ವರ್ಷವೂ ಮನೆಯ ಹಿರಿಯರಿಗೆ, ಗುರುಕಾರಣರಿಗೆ, ಬಡಿಸುವ ದಿವಸ, ತೀರಿಹೋದವರಿಗೆಲ್ಲ ಒಳಗೆ ಕನ್ನಿಕೋಣೆಯಲ್ಲಿ ಒಂದೊಂದು ಎಲೆ ಹಾಕಿ, ಕೋಳಿ ಸಾರು, ಕಡುಬು, ಒಂದು ಕುಡ್ತೆ ಸಾರಾಯಿ ಇಟ್ಟು ಬಾಗಿಲು ಹಾಕುವಾಗ, ಯಾರಾದರೂ ಒಬ್ಬರು ಕೆಮ್ಮಿ ಹೇಳುವುದೇ, ಪೂವಮ್ಮಕ್ಕ, ಬೊಳ್ಳಪ್ಪನಿಗೂ ಒಂದು ಎಲೆ ಹಾಕುವ, ಹಸಿದುಕೊಂಡು ತಿರುಗ್ತಾ ಇದ್ದರೆ ಮನೆಗೆ ಒಳ್ಳೇದಲ್ಲ, ಅತ್ತೆ ಸೌಟು ಎತ್ತಿಕೊಂಡೇ ಹೊರಗೆ ಬರುವುದು, ಬದುಕಿದ್ದವನಿಗೆ ಎಲೆ ಹಾಕುವ ಕೈ ಯಾರದು, ತೋರಿಸಿ, ಮುರಿದು ಹಾಕ್ತೇನೆ! ದಿನಾ ಅನ್ನದ ಪಾತ್ರೆಯಲ್ಲಿ ಒಂದು ಹಿಡಿ ಮಿಗಿಸುವುದು, ಹೊತ್ತಲ್ಲದ ಹೊತ್ತಿಗೆ ಬಂದರೆ ಬೇಕಲ್ಲ ಅಂತ, ಬೆಳಿಗ್ಗೆ ಆ ತಂಗಳನ್ನ ನಾನು ತಿನ್ನುವುದು, ಅವರ ಪಾಲಿನ ಅನ್ನ ತಿಂದು ತಿಂದೇ ನಾನು ಇಷ್ಟು ದಿವಸ — ಇರಲಿ. ಈ ವರ್ಷ ಬೇಸಿಗೆಯಲ್ಲಿ ಊರವರ ಜೊತೆ ಪಳನಿಗೆ ಹೋಗಿ ಬಂದರು ನೋಡಿ, ಮಗ ಬರಲಿ ಅಂತ ಹರಕೆ ಒಪ್ಪಿಸಲಿಕ್ಕೆ ಹೋದವರು, ಬಂದ ದಿವಸವೇ ಅನ್ನ ಅಳತೆಗೆ ಸರಿಯಾಗಿ ಬಂತು, ಮಿಗಿಸಿಲ್ಲ, ನಾನು ಪಾತ್ರೆಯೊಳಗೆ ನೋಡಿದೆ, ಅವರೂ ನೋಡಿದರು, ಎಂಥ ನೋಡ್ತೀ, ತೊಳೆದಿಡು ಅಂದರು. ಎಲೆಯಡಿಕೆ ಬಿಟ್ಟರು, ಜಗಲಿಯಲ್ಲಿ ದಾರಿ ನೋಡಿಕೊಂಡು ಕೂರುವುದು ಬಿಟ್ಟರು, ಮೊನ್ನೆ ಬಡಿಸುವ ದಿವಸ ಯಾರೂ ಕೇಳದೆ ತಾವೇ ಹೇಳಿದರು, ಸಂಕ್ರಮಣಕ್ಕೆ ಭಾಗಮಂಡಲಕ್ಕೆ ಹೋಗುವ, ಅವನ ಪಿಂಡ ಬಿಟ್ಟು ಬರುವ, ಸಾಕು. ಉತ್ತಯ್ಯ ಅತ್ತುಬಿಟ್ಟ, ಗಂಡಸು, ಗೊಳೋ ಅಂತ. ನನಗೆ ಅಳು ಬರಲಿಲ್ಲ. ಎದೆಯಲ್ಲಿ ಏನೋ ಸಡಿಲಾಯಿತು, ಬಿಗಿಯಾದ ರವಕೆಯ ಗುಂಡಿ ಬಿಚ್ಚಿದಾಗ ಆಗ್ತದಲ್ಲ, ಹಾಗೆ, ಹಾಯ್ ಅಂತ, ಆಮೇಲೆ ನಾಚಿಕೆ, ಎಂಥ ಹೆಂಗಸು ನಾನು.

ಬಸ್ಸಿನಲ್ಲಿ ಎಲ್ಲರೂ ಕಾವೇರಮ್ಮಾ ಅಂತ ಕೂಗುವಾಗ ನಾನೂ ಕೂಗಿದೆ, ಬಾಯಿ ಕಾವೇರಮ್ಮಾ ಅನ್ನುವುದು, ಒಳಗಿನಿಂದ ಬೇರೆಯೇ ಒಂದು ಬರುವುದು, ಸತ್ತಿರಲಿ, ಅವರು ನಿಜವಾಗಿ ಸತ್ತಿರಲಿ, ತಿರುವಿನಲ್ಲಿ ಬಸ್ಸು ವಾಲಿದಾಗಲೂ ಅದೇ, ಸತ್ತಿರಲಿ, ದಾರಿಯಲ್ಲಿ ಕಾಫಿಗೆ ನಿಲ್ಲಿಸಿದಾಗಲೂ ಅದೇ, ದೇವರ ಯಾತ್ರೆಗೆ ಹೊರಟವಳ ಬಾಯಲ್ಲಿ ಬರುವ ಮಾತಾ ಇದು, ಇಷ್ಟು ವರ್ಷ ನನ್ನೊಳಗೆ ಎಲ್ಲಿ ಕೂತಿತ್ತು ಇದು, ಮನೆಯಲ್ಲಿದ್ದಾಗ ಕೆಲಸದ ಗದ್ದಲದಲ್ಲಿ ಕೇಳಿಸಲೇ ಇಲ್ಲ. ಪಕ್ಕದಲ್ಲಿ ಕೂತಿದ್ದ ಸೋಮವಾರಪೇಟೆ ಕಡೆಯ ಚನ್ನಬಸಮ್ಮ, ಮೂರ್ನಾಡಿನಲ್ಲಿ ಅಂಗಡಿ ಇಟ್ಟವರ ಹೆಂಡತಿ, ಬಾಯಿ ಮುಚ್ಚಿದವರೇ ಅಲ್ಲ, ನಮ್ಮಲ್ಲಿ ಪಿಂಡ ಗಿಂಡ ಏನೂ ಇಲ್ಲ ಕಣವ್ವ, ಸತ್ತೋರು ಶಿವನ ಹತ್ರ ಹೋದ್ರು, ಮುಗೀತು, ನಿಮ್ಮೋರು ಸತ್ತಮೇಲೂ ಬಿಡಾದಿಲ್ವಲ್ಲ, ಅಂತ ನಕ್ಕು, ಆಮೇಲೆ ನನ್ನ ಮುಖ ನೋಡಿ ನಗು ನಿಲ್ಲಿಸಿ, ಅಯ್ಯೋ ಬಾಯಿ ತಪ್ತು, ಅಳಬ್ಯಾಡ್ವೇ ತಾಯಿ, ಅಂತ ಸೆರಗಿನಿಂದ ನನ್ನ ಕಣ್ಣು ಒರೆಸಲಿಕ್ಕೆ ಬಂದರು, ಕಣ್ಣಲ್ಲಿ ನೀರೇ ಇರಲಿಲ್ಲ, ಒಣಗಿದ ಕಣ್ಣು ಒರೆಸಿಸಿಕೊಂಡು ಕೂತೆ. ಸೋಮಯ್ಯನ ನೆನಪು ಆಗ ಯಾಕೆ ಬರಬೇಕು, ಬಂತು, ಅಮ್ಮತ್ತಿ ಹತ್ತಿರದ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರು, ಹೆಂಡತಿ ತೀರಿಕೊಂಡು ನಾಲ್ಕು ವರ್ಷ, ಮುಂದಿನ ಹಲ್ಲು ಅರ್ಧ ಮುರಿದಿದೆ, ನಗುವಾಗ ಅಂಗೈ ಅಡ್ಡ ಹಿಡಿಯುವುದು, ಮೊದಲು ಯಮುನಕ್ಕ ಯಮುನಕ್ಕ ಅಂತಿದ್ದವರು ಒಂದು ದಿವಸ ನಮ್ಮ ಮನೆ ಗೇಟಿನ ಹತ್ತಿರ ಅಕ್ಕ ಬಿಟ್ಟು ಬರೀ ಯಮುನ ಅಂದರು, ಅಂದು ತಾವೇ ಹೆದರಿದರು. ನಿಮಗೆ ಇಷ್ಟ ಇದ್ದರೆ ನಿಮ್ಮ ಅತ್ತೆಯನ್ನು ಕೇಳ್ತೇನೆ, ನಮ್ಮ ಗೌಡರಲ್ಲಿ ಇದು ಇಲ್ಲದ್ದಲ್ಲ, ಗಂಡ ಸತ್ತವರು ಮತ್ತೆ ಮನೆ ಮಾಡಿಕೊಂಡದ್ದು ಎಷ್ಟಿಲ್ಲ. ಸತ್ತವರು ಅಲ್ಲವಲ್ಲ ಸೋಮಯ್ಯನವರೇ, ಕಾಣೆಯಾದವರು, ಅಂದೆ. ಅವರು ಅಂಗೈ ಅಡ್ಡ ಹಿಡಿಯಲಿಲ್ಲ, ನಗಲೂ ಇಲ್ಲ, ನೀವೂ ಕಾಣೆಯಾಗಿದ್ದೀರಿ ಅಂದರು. ಆ ಮಾತು ನನ್ನನ್ನು ಎಷ್ಟು ದಿವಸ ಸುಟ್ಟಿತು. ಅತ್ತೆ ಅಲ್ಲೇ ಕೊಟ್ಟಿಗೆಯ ಬದಿಯಲ್ಲಿದ್ದರು, ಕೇಳಿಸಿತ್ತಾ, ಕೇಳಿಸಿರಬೇಕು, ಅದಾಗಿ ವಾರದಲ್ಲೇ ಪಳನಿಗೆ ಹೊರಟದ್ದು.

ಉತ್ತಯ್ಯ ಪಿಂಡ ಬಿಟ್ಟ. ನೀರಿಗೆ ಬಿದ್ದು ಬಿಚ್ಚಿಕೊಂಡಿತು, ಅನ್ನ ಅನ್ನವಾಗಿ ಹೋಯಿತು, ಸಣ್ಣ ಮೀನುಗಳು ಬಂದವು, ಇಷ್ಟೇನಾ, ಒಬ್ಬ ಮನುಷ್ಯ ಮುಗಿಯುವುದು ಇಷ್ಟು ಬೇಗವಾ, ಹನ್ನೆರಡು ವರ್ಷ ಕಾದವಳಿಗೆ ಒಂದು ಉಸಿರಿನ ಹೊತ್ತೂ ಹಿಡಿಯಲಿಲ್ಲ. ಇನ್ನು ಹೆಂಗಸರು ಎಳ್ಳುನೀರು ಬಿಡಬೇಕು, ನಮ್ಮ ಮನೆಯಲ್ಲಿ ಮೊದಲಿನಿಂದ ನಡೆದು ಬಂದದ್ದು, ಭಟ್ಟರಿಗೆ ಸರಿ ಕಾಣುವುದಿಲ್ಲ, ಆದರೂ ಮುಖ ಹುಳ್ಳಗೆ ಮಾಡಿಕೊಂಡು ಅತ್ತೆಯ ಬೊಗಸೆಗೆ ಎಳ್ಳು ಹಾಕಿದರು, ನೀರು ಎರೆದರು, ಬಿಡಿ ಅಂದರು. ಅತ್ತೆ ಕೈ ಮುಂದಕ್ಕೆ ಬಗ್ಗಿಸಿದರು, ನೀರು ಬೆರಳ ತುದಿಗಳಿಂದ ಇಳಿಯಿತು. ಹಾಗಲ್ಲ ಅಮ್ಮಾ, ಭಟ್ಟರು ಹೇಳ್ತಾರೆ, ಬೆರಳ ತುದಿಯಿಂದ ಬಿಟ್ಟರೆ ಅದು ದೇವರಿಗೆ, ಸತ್ತವರಿಗಾದರೆ ಹೆಬ್ಬೆರಳಿನ ಬದಿಯಿಂದ ಬಿಡಬೇಕು, ಕೈ ಈ ಕಡೆ ವಾಲಿಸಿ. ಅತ್ತೆಗೆ ಇದನ್ನು ಹೇಳಿಕೊಡುವುದಾ, ಮಾವನಿಗೆ ಬಿಟ್ಟವರು, ತಮ್ಮ ಅತ್ತೆ ಮಾವನಿಗೆ ಬಿಟ್ಟವರು, ನನಗೆ ಕಲಿಸಿದವರೇ ಅವರು. ಮತ್ತೆ ಎಳ್ಳು, ಮತ್ತೆ ನೀರು. ಮತ್ತೆ ಬೆರಳ ತುದಿ. ಭಟ್ಟರು, ಅಮ್ಮಾ! ಅಂದರು. ಅತ್ತೆಯ ಕೈ ನಡುಗ್ತಾ ಇಲ್ಲ, ಮರೆತದ್ದಲ್ಲ, ವಯಸ್ಸಾಗಿ ತಪ್ಪಿದ್ದಲ್ಲ, ಬೇಕಂತಲೇ, ಕಣ್ಣು ಬಿಟ್ಟುಕೊಂಡು, ಬೆರಳುಗಳನ್ನು ಸೇರಿಸಿ ನೆಟ್ಟಗೆ ಹಿಡಿದು ತುದಿಯಿಂದಲೇ ಬಿಟ್ಟರು, ಸತ್ತವನಿಗೆ ಬಿಡುವ ಹಾಗೆ ಬಿಡಲೇ ಇಲ್ಲ, ಅಯ್ಯೋ ದೇವರೇ, ಬಿಡಲಿಲ್ಲ, ಯಾಕೆ ಬಿಡಲಿಲ್ಲ, ಅತ್ತೇ, ಅಂದೆ, ಅತ್ತೇ, ಎಂಥ ಇದು.

ಭಟ್ಟರು ಉತ್ತಯ್ಯನ ಕಡೆ ತಿರುಗಿ ಅವನ ದರ್ಭೆ ಬಿಚ್ಚಿಸ್ತಾ ಇದ್ದಾರೆ, ದಡದಲ್ಲಿ ಬಸ್ಸಿನವರು ಕೂಗ್ತಾ ಇದ್ದಾರೆ, ಹೊತ್ತಾಯಿತು, ಬೆಟ್ಟ ಹತ್ತಬೇಕು, ಆ ಗಲಾಟೆಯ ಒಳಗೆ ಅತ್ತೆ ನನ್ನ ಕಡೆ ಒಂದು ಹೆಜ್ಜೆ ಸರಿದರು, ತುಟಿ ಅಲ್ಲಾಡಿದ್ದು ಕಾಣುವುದಿಲ್ಲ, ಪಳನಿಯಲ್ಲಿ ಕಂಡೆ ಅವನ, ಅಂದರು. ಮಗುವಿನ ಮಂಡೆ ಬೋಳಿಸಲಿಕ್ಕೆ ಬಂದಿತ್ತು, ಹೆಂಡತಿ ಇತ್ತು ಜೊತೆಯಲ್ಲಿ, ಇನ್ನೂ ಎರಡು ಮಕ್ಕ. ಅವ ನನ್ನ ಕಂಡಿತು. ಅವ್ವಾ ಅಂತ ಒಂದು ಕರೀಲಿಲ್ಲೆ. ಮಗುವಿನ ಎತ್ತಿಕೊಂಡು ಜನರ ಒಳಗೆ ಹೋತು. — ಎಷ್ಟು ಸಪ್ಪೆಯಾಗಿ ಹೇಳಿದರು, ಸಂತೆಯಲ್ಲಿ ಉಪ್ಪು ಮುಗಿದಿತ್ತು ಅನ್ನುವ ಹಾಗೆ, ಮತ್ತೆ ನಾನು, ನಾನು ಎಂಥ ಹೇಳುವುದು, ಕೂಗಬೇಕಾ, ಉತ್ತಯ್ಯ ನಿಲ್ಲಿಸು ಅನ್ನಬೇಕಾ, ಬದುಕಿದ್ದಾರೆ, ಬದುಕಿದ್ದವರ ಪಿಂಡ ಬಿಟ್ಟೆವು, ಕರಿಮಣಿ ಕುತ್ತಿಗೆಗೆ ಒತ್ತುತ್ತದೆ, ಬದುಕಿದ್ದಾರೆ, ಮಕ್ಕಳನ್ನು ಎತ್ತಿಕೊಳ್ತಾರೆ, ಇಲ್ಲಿ ನಾನು ಅವರ ತಂಗಳು ತಿಂದುಕೊಂಡು — ಸಿಟ್ಟು ಬರಬೇಕು, ಬಂತು, ಆದರೆ ಯಾರ ಮೇಲೆ, ಈ ಮುದುಕಿಯ ಮೇಲಾ, ಹೆತ್ತ ಮಗನನ್ನು ಕಣ್ಣಾರೆ ಕಂಡು ಬಂದು, ಎಲೆಯಡಿಕೆ ಬಿಟ್ಟು, ದಾರಿ ನೋಡುವುದು ಬಿಟ್ಟು, ಆಮೇಲೆ ಊರೆಲ್ಲ ಕೇಳುವ ಹಾಗೆ ಅವನ ಪಿಂಡ ಬಿಡುವ ಅಂದದ್ದು ಯಾರಿಗಾಗಿ, ಸೋಮಯ್ಯನ ಮಾತು ಕೇಳಿಸಿತ್ತು ಇವರಿಗೆ, ಕೇಳಿಸಿತ್ತು, ನನಗೋಸ್ಕರ, ನನ್ನನ್ನು ಬಿಡಿಸಲಿಕ್ಕೆ. ಸತ್ತಿರಲಿ ಅಂತ ನಾನು ದಾರಿಯುದ್ದಕ್ಕೂ ಬೇಡಿಕೊಂಡು ಬಂದದ್ದೂ ಕೇಳಿಸಿತ್ತಾ.

ಇನ್ನೊಬ್ಬರು ಯಾರು, ಹೆಂಡತಿಯಾ, ಕೈ ಹಿಡೀರಿ ಅಂತ ಭಟ್ಟರು, ಬೊಗಸೆ ಹಿಡಿದೆ, ಎಳ್ಳು ಬಿತ್ತು, ನೀರು ಬಿತ್ತು, ಬಿಡಿ ಅಂದರು, ಬಿಡಲಿಲ್ಲ, ಬೆರಳ ಸಂದಿಯಿಂದ ಸೋರುತ್ತಾ ಉಂಟು, ಹೀಗೇ ಸೋರಿ ಮುಗಿದರೆ ನಾನು ಬಿಟ್ಟ ಹಾಗೂ ಅಲ್ಲ, ಬಿಡದ ಹಾಗೂ ಅಲ್ಲ, ಮತ್ತೆ ಅದೇ ನಡುವೆ, ಬೇಡ, ಅದು ಬೇಡ, ಆದರೆ ಈಗ ಗೊತ್ತಿದ್ದೂ ಬಿಟ್ಟರೆ — ಅತ್ತೆಯ ಕೈ ಬಂತು, ಒದ್ದೆ ಕೈ, ಗಂಟು ಗಂಟಾದ ಬೆರಳು, ನನ್ನ ಮಣಿಕಟ್ಟು ಹಿಡಿಯಿತು, ನಾ ಹೆತ್ತವಳು ಗೂಡೆ, ನನ್ನ ಕೈಯಲ್ಲಿ ಆಗ್ದಿಲ್ಲೆ, ನೀ ಬಿಡು, ಅಂದರು, ಹಿಡಿದ ಮಣಿಕಟ್ಟನ್ನು ಮೆಲ್ಲಗೆ ತಿರುಗಿಸಿದರು, ಹೆಬ್ಬೆರಳಿನ ಕಡೆಗೆ, ನೀರು ಆ ಬದಿಗೆ ಬಂತು, ಇಳಿಯಿತು, ಕರಿ ಎಳ್ಳು ಒಂದೊಂದಾಗಿ ಹೆಬ್ಬೆರಳು ದಾಟಿ ಹೋಗ್ತಾ ಉಂಟು, ಹೋಯಿತು, ಮುಗಿಯಿತು, ಬೊಗಸೆ ಖಾಲಿ, ಅತ್ತೇ ಬಿಡಿ, ಮುಗಿಯಿತು, ಬಿಡುವುದಿಲ್ಲ, ಹೆಬ್ಬೆರಳಿನ ಕಡೆಗೆ ವಾಲಿಸಿಕೊಂಡೇ ನಿಂತಿದ್ದಾರೆ, ಖಾಲಿ ಕೈ, ಅದರ ಮೇಲೆ ಅವರ ಕೈ, ಈಗ ನಡುಗ್ತಾ ಉಂಟು, ಈಗ, ಅವರ ಕೈ —