ಕೂದಲು ಮತ್ತು ಕೋಟು

ಅಣ್ಣ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸಿ ಮತ್ತೆ ಗೋಡೆಯ ಕಡೆಗೆ ಎಳೆಯುತ್ತಿದ್ದ. ಸಭಾಂಗಣದವರು ಬೆಳಿಗ್ಗೆಯೇ ಕೋಣೆ ತುಂಬ ಹಾಕಿಟ್ಟು ಹೋಗಿದ್ದರು.

"ಎರಡು ಸಾಲು ಸಾಕಮ್ಮ," ಎಂದ, ತಮ್ಮನ ಹೆಂಡತಿಯ ಕಡೆ ನೋಡದೆ. "ಖಾಲಿ ಕುರ್ಚಿಗಳ ಮುಂದೆ ಅವನನ್ನ ಮಲಗಿಸೋದು ಬೇಡ. ಜೀವಮಾನವೆಲ್ಲ ಕಂಪ್ಯೂಟರ್ ಮುಂದೆ ಕೂತಿದ್ದೋನು. ಅವನು ಯಾರಿಗೆ ಗೊತ್ತು?"

"ಹಾಕಿದ್ದನ್ನ ಯಾಕೆ ತೆಗೀತೀರಿ ಭಾವ? ಬರೋರು ಬರ್ತಾರೆ, ನೋಡೋಣ."

ಅವಳು ಗಂಡನ ಶವಪೆಟ್ಟಿಗೆಯ ಪಕ್ಕದಲ್ಲಿ ನಿಂತಿದ್ದಳು. ಕೂದಲು ಕತ್ತರಿಸುವ ಅಂಗಡಿ ಅವಳದು. ಊರಿನ ಅರ್ಧ ತಲೆಗಳು ಅವಳ ಕೈಯಲ್ಲಿ ಹಾದುಹೋಗಿದ್ದವು. ಆದರೆ ಗಂಡನ ತಲೆಗೆ ಮಾಡಲು ಏನೂ ಇರಲಿಲ್ಲ, ಹರೆಯದಲ್ಲೇ ಬೋಳಾಗಿತ್ತು. ಮೆತ್ತಗಿನ ಬಟ್ಟೆಯಿಂದ ಆ ತಲೆಯನ್ನು ಒಮ್ಮೆ ಒರೆಸಿದಳು. ಮೊನ್ನೆ ನಿದ್ದೆಯಲ್ಲೇ ಎದೆಬಡಿತ ನಿಂತುಹೋಗಿತ್ತು. ಮುಖ ಈಗಲೂ ಮಲಗಿದವನ ಮುಖವೇ.

ಮೊದಲು ಬಂದವರು ಅವನ ಆಫೀಸಿನವರು. ಅವರ ಮುಂದೆ ಮುಖದಮ್ಮ. ಅದು ಅಡ್ಡಹೆಸರು. ಕಂಪ್ಯೂಟರ್ ಆಟಗಳನ್ನು ತಯಾರಿಸುವ ಆ ಆಫೀಸಿನಲ್ಲಿ ಪ್ರತಿ ಪಾತ್ರಕ್ಕೂ ಒಂದು ಭಾವಚಿತ್ರ ಬೇಕಿತ್ತು. ಪರದೆಯ ಮೇಲೆ ಮುಖ ಬರೆಯುವುದು ಅವಳ ಕೆಲಸ. ಕೂದಲು, ಬಟ್ಟೆ ಬರೆಯುವುದು ಅವನ ಕೆಲಸ. ಹಾಗಾಗಿ ಅವಳು ಮುಖದಮ್ಮ, ಅವನು ಕೂದಲಪ್ಪ. ತಲೆಯ ಮೇಲೆ ಒಂದೆಳೆಯೂ ಇಲ್ಲದವನಿಗೆ ಆ ಹೆಸರಿಟ್ಟು ನಕ್ಕವರಲ್ಲಿ ಅವನೇ ಮೊದಲಿಗ.

ನೆಂಟರು ತಮ್ಮನ ಕೆಲಸ ಏನೆಂದು ಕೇಳಿದಾಗ ಅಣ್ಣ ಮಾತ್ರ, "ಏನೋ ಕಂಪ್ಯೂಟರ್ ಕೆಲಸ," ಎಂದು ಮಾತು ಬದಲಿಸುತ್ತಿದ್ದ.

*

"ಏನು ಮಾಡ್ಲಿ ಸಾರ್?" ಎಂದಿದ್ದಳು ಅವಳು ಆ ಮೊದಲ ದಿನ, ಅಂಗಡಿಯೊಳಗೆ ಬಂದು ಕೂತವನ ಬೋಳುತಲೆ ನೋಡುತ್ತ.

"ಏನೂ ಬೇಡ. ಸ್ವಲ್ಪ ಹೊತ್ತು ಕೂತು ನೋಡ್ತೀನಿ."

"ನೋಡೋಕೆ ಇದೇನು ಸಿನಿಮಾನಾ?"

ಅವನು ಗಾಬರಿಯಾಗಿ ಚೀಲದಿಂದ ಒಂದು ಚಿತ್ರ ತೆಗೆದು ಕೊಟ್ಟ. "ಇವಳ ಕೂದಲು ಟೋಪಿ ಇಟ್ಟ ಹಾಗೆ ಕಾಣ್ತಿದೆ. ಯಾಕೆ ಅಂತ ಗೊತ್ತಾಗ್ತಿಲ್ಲ."

ಅವಳು ಕತ್ತರಿ ಕೆಳಗಿಟ್ಟು ನೋಡಿದಳು. "ಹಣೆ ಹತ್ರ ಮರಿಗೂದಲು ಎಲ್ಲಿ? ಬೈತಲೆ ಹತ್ರ ಚರ್ಮ ಕಾಣಬೇಕಲ್ವಾ? ನೀವು ನೇರ ಗೆರೆ ಎಳೆದುಬಿಟ್ಟಿದ್ದೀರಿ. ಕೂದಲು ತಲೆ ಮೇಲೆ ಕೂರಲ್ಲ ಸಾರ್, ತಲೆಯಿಂದ ಹುಟ್ಟುತ್ತೆ."

ಮರುದಿನ ತಿದ್ದಿಕೊಂಡು ಬಂದ. ಅದರ ಮರುದಿನವೂ ಬಂದ. ತಿದ್ದಲು ಏನೂ ಉಳಿಯದ ಮೇಲೂ ಬರುತ್ತಿದ್ದ. ಮದುವೆಯಾದ ಮೇಲೆ ಅಂಗಡಿಯ ಮೂಲೆಯ ಬೆಂಚು ಅವನದೇ ಆಯಿತು. ಮೊದಮೊದಲು ಸಂಕೋಚಪಡುತ್ತಿದ್ದ ಹೆಂಗಸರು ಆಮೇಲೆ, "ಇವತ್ತು ನನ್ನ ಜಡೆ ಬರೀರಿ," ಎಂದು ತಾವೇ ಕೇಳತೊಡಗಿದರು.

ಗಣಿತದ ಟೀಚರೊಬ್ಬಳು ತಪ್ಪದೆ ಬರುತ್ತಿದ್ದಳು. ದಟ್ಟ ಗುಂಗುರು ಕೂದಲು. ಅದನ್ನು ಬಿಸಿ ಪಟ್ಟಿಯಲ್ಲಿ ಒತ್ತಿ ನೆಟ್ಟಗೆ ಮಾಡಿಸಿಕೊಂಡು ಹೋಗುವುದು ಅವಳ ರೂಢಿ.

"ಇದನ್ನ ಯಾಕೆ ಇಸ್ತ್ರಿ ಮಾಡಿಸ್ತೀರಿ?" ಎಂದು ಅವನು ಒಮ್ಮೆ ಕೇಳಿದ.

"ಚಿಕ್ಕಂದಿನಿಂದ ಎಲ್ಲರೂ ಪೊರಕೆ ಅಂದಿದ್ದಾರೆ. ಸಾಕಾಗಿದೆ."

"ಮುಂದಿನ ಸಲ ಸ್ವಲ್ಪ ಬೇಗ ಬರ್ತೀರಾ? ಒತ್ತೋ ಮೊದಲು ಬರ್ಕೊಳ್ತೀನಿ."

ಆಗ ಅವರ ಆಟದಲ್ಲಿ ಒಬ್ಬಳು ಸೇನಾಪತಿ ಬೇಕಾಗಿದ್ದಳು. ಅವನು ಆ ಗುಂಗುರನ್ನು ಅವಳ ತಲೆಗೆ ಬರೆಯಲು ಕುಳಿತ. ಒಂದು ಸುರುಳಿ ಮಾಡಿ ಅದನ್ನೇ ಎಲ್ಲ ಕಡೆ ಒತ್ತಿದರೆ ಬೇಗ ಮುಗಿಯುತ್ತದಲ್ಲ ಎಂದರು ಆಫೀಸಿನ ಯಜಮಾನರು. "ಎಲ್ಲಾ ಸುರುಳಿನೂ ಒಂದೇ ಥರ ಇದ್ರೆ ಅದು ಸ್ಪ್ರಿಂಗ್ ಸಾರ್, ಕೂದಲಲ್ಲ," ಎಂದು ಇವನು ಒಂದೊಂದಾಗಿ ಬರೆದ. ವಾರಗಟ್ಟಲೆ ಹಿಡಿಯಿತು.

ಟೀಚರ್ ಮುಂದಿನ ಬಾರಿ ಬಂದಾಗ ಚಿತ್ರ ತೋರಿಸಿದ. ಕುದುರೆಯ ಮೇಲೆ ಸೇನಾಪತಿ. ಬೆಳಕೆಲ್ಲ ಆ ಕೂದಲಲ್ಲಿ ಸಿಕ್ಕಿಕೊಂಡು ಹೊರಗೆ ಬರಲಾರದೆ ಹೊಳೆಯುತ್ತಿತ್ತು. ಟೀಚರ್ ಚಿತ್ರವನ್ನು ನೋಡಿದಳು, ಕನ್ನಡಿಯನ್ನು ನೋಡಿದಳು. ಆಮೇಲೆ ಕುತ್ತಿಗೆಗೆ ಸುತ್ತಿದ್ದ ಬಟ್ಟೆಯನ್ನು ತಾನೇ ಬಿಚ್ಚಿ ಎದ್ದುನಿಂತಳು.

"ಇವತ್ತು ಬೇಡ ಅಕ್ಕ."

ಮತ್ತೆ ಎಂದೂ ಒತ್ತಿಸಿಕೊಳ್ಳಲಿಲ್ಲ. "ಒಳ್ಳೇ ಗಿರಾಕಿನ ಕಳೆದುಬಿಟ್ರಿ," ಎಂದು ಹೆಂಡತಿ ಅಂದು ಅವನನ್ನು ಬೈದಳು. ಬೈದವಳೇ ಆ ಚಿತ್ರವನ್ನು ಕನ್ನಡಿಯ ಪಕ್ಕದಲ್ಲಿ ಅಂಟಿಸಿದಳು. ಬಂದವರಿಗೆಲ್ಲ, "ನಮ್ಮನೆಯವರು ಬರೆದದ್ದು," ಎನ್ನುತ್ತಿದ್ದಳು, ಅವರು ಕೇಳದಿದ್ದರೂ.

*

ಈಗ ಆ ಟೀಚರ್ ಬಾಗಿಲಲ್ಲಿದ್ದಳು, ಹೆಗಲ ತುಂಬ ಗುಂಗುರು ಹರಡಿಕೊಂಡು. ಅವಳ ಹಿಂದೆ ಅವಳ ತಂಗಿ, ಗೆಳತಿಯರು, ಅಂಗಡಿಯ ಬೀದಿಯ ಹೆಂಗಸರು. ಆ ಆಟವಾಡಿ ಬೆಳೆದ, ಸುದ್ದಿ ತಿಳಿದು ಬಂದ ಒಂದಷ್ಟು ಗಂಡಸರು. ಹಾಕಿದ್ದ ಎರಡು ಸಾಲು ತುಂಬಿ ಗೋಡೆಯ ಉದ್ದಕ್ಕೂ ಜನ ನಿಂತರು.

"ಇವರೆಲ್ಲ ಯಾರಮ್ಮ?" ಅಣ್ಣ ಪಿಸುಗುಟ್ಟಿದ.

"ಗಿರಾಕಿಗಳು. ಅರ್ಧ ನನ್ನೋರು, ಅರ್ಧ ಅವರೋರು."

ಅಣ್ಣ ಹೋಗಿ ಪೇರಿಸಿಟ್ಟ ಕುರ್ಚಿಗಳನ್ನು ಒಂದೊಂದಾಗಿ ಹೊತ್ತು ತರತೊಡಗಿದ. ಮುಖದಮ್ಮ ಎದ್ದು ಕೈಜೋಡಿಸಿದಳು. ಅವಳ ಕಣ್ಣು ಅಣ್ಣನ ಭುಜದ ಮೇಲೇ ಇತ್ತು.

"ನೀವು ಅವರ ಅಣ್ಣ ತಾನೇ?" ಎಂದಳು. "ಆ ಕೋಟಿನೋರು?"

"ಯಾವ ಕೋಟು?"

*

ಅಣ್ಣ ಬಸ್ ಕಂಡಕ್ಟರ್ ಆಗಿದ್ದ ಕಾಲ. ತಂದೆಯಿಲ್ಲದ ಮನೆಯಲ್ಲಿ ತಮ್ಮನನ್ನು ಓದಿಸಿದ್ದು ಆ ಕೆಲಸವೇ. ಒಂದು ಮಧ್ಯಾಹ್ನ ತಮ್ಮನ ಮನೆಗೆ ಊಟಕ್ಕೆ ಹೋದಾಗ ತಮ್ಮ ಅವನ ಮೈಮೇಲಿನ ಕೋಟು ಬರೆಯಲೆಂದು ಅವನನ್ನು ಕಿಟಕಿಯ ಹತ್ತಿರ ನಿಲ್ಲಿಸಿದ. ಕೈ ಎತ್ತು ಎಂದ, ಇಳಿಸು ಎಂದ.

"ಹೇಳಿದ್ರೆ ಹೊಸ ಕೋಟು ಹಾಕ್ಕೊಂಡು ಬರ್ತಿದ್ನಲ್ಲೋ."

"ಅದು ಇನ್ನೂ ಬಟ್ಟೆ ಅಂಗಡಿದು ಕಣೋ. ಇದು ನಿಂದು."

"ಹಳೇ ಬಟ್ಟೆ ಬರೆಯೋಕಾ ನಿನ್ನ ಓದಿಸಿದ್ದು?" ಎಂದು ಅಣ್ಣ ಊಟ ಮಾಡದೆ ಎದ್ದುಹೋಗಿದ್ದ. ಆ ಚಿತ್ರ ಏನಾಯಿತೆಂದು ಆಮೇಲೂ ಕೇಳಿರಲಿಲ್ಲ. ತಮ್ಮನೂ ಹೇಳಿರಲಿಲ್ಲ.

*

ಮುಖದಮ್ಮ ಫೋನಿನಲ್ಲಿ ಚಿತ್ರ ಹುಡುಕಿ ಅಣ್ಣನ ಕೈಗಿಟ್ಟಳು. ಆಟದಲ್ಲಿನ ಬಂದರಿನ ಕಾವಲುಗಾರನೊಬ್ಬ. ಮುಖ ಯಾರದೋ. ಕೋಟು ಅಣ್ಣನದು. ಮೊಣಕೈಯಲ್ಲಿ ಎಳೆ ಸವೆದಿತ್ತು. ಕೈ ಹಾಕಿ ಹಾಕಿ ಜೇಬಿನ ಬಾಯಿ ಜೋತುಬಿದ್ದಿತ್ತು. ಒಂದು ಗುಂಡಿಗೆ ಬೇರೆ ಬಣ್ಣದ ದಾರ, ಅವ್ವ ಹೊಲಿದದ್ದು. ಎಡಭುಜದಿಂದ ಕೆಳಕ್ಕೆ ಓರೆಯಾಗಿ ಒಂದು ಪಟ್ಟಿ ಮಾತ್ರ ನಯವಾಗಿ ಹೊಳೆಯುತ್ತಿತ್ತು.

"ಈ ಹೊಳಪು ಯಾಕೆ ಅಂತ ನಾನು ಕೇಳಿದ್ದೆ," ಎಂದಳು ಮುಖದಮ್ಮ. "ಟಿಕೆಟ್ ಚೀಲದ ಪಟ್ಟಿ ಉಜ್ಜಿದ್ದು ಅಂದ್ರು. ಮತ್ತೆ ಚೀಲ ಎಲ್ಲಿ ಅಂದೆ. ಕೆಳಗಿಟ್ಟಿದ್ದಾನೆ, ನಮ್ಮಣ್ಣನಿಗೆ ರಜಾನೇ ಸಿಗ್ತಿರ್ಲಿಲ್ಲ, ಇಲ್ಲಾದ್ರೂ ಸಿಗ್ಲಿ ಅಂದ್ರು."

ಅಣ್ಣ ಫೋನನ್ನು ಮೂಗಿನ ಹತ್ತಿರ ಹಿಡಿದ, ದೂರ ಹಿಡಿದ. ಬಲಗೈ ತಾನಾಗಿ ಎಡಭುಜಕ್ಕೆ ಹೋಯಿತು.

"ಆಫೀಸಿಗೆ ಹೊಸದಾಗಿ ಬಂದೋರಿಗೆಲ್ಲ ಮೊದಲು ಈ ಕೋಟು ತೋರಿಸ್ತೀವಿ ಸಾರ್. ಬಟ್ಟೆ ಅಂದ್ರೆ ಹೀಗೆ ಬರೀಬೇಕು ಅಂತ."

ಯಾರಾದರೂ ಎರಡು ಮಾತು ಆಡುತ್ತೀರಾ ಎಂದು ಸಭಾಂಗಣದವರು ಕೇಳಿದಾಗ ಅಣ್ಣನೇ ಎದ್ದ. ಪೆಟ್ಟಿಗೆಯ ಅಂಚು ಹಿಡಿದು ನಿಂತ. ಬಸ್ಸಿನಲ್ಲಿ ನಿಲ್ದಾಣದ ಹೆಸರು ಕೂಗಿ ರೂಢಿಯಾದ ದನಿ ಕೊನೆಯ ಕುರ್ಚಿಗೂ ಕೇಳಿಸಿತು.

"ನನ್ನ ತಮ್ಮ ಕೂದಲು ಬರೀತಿದ್ದ. ಬಟ್ಟೆ ಬರೀತಿದ್ದ." ಮುಖದಮ್ಮನ ಕಡೆ ಕೈ ತೋರಿದ. "ಮುಖ ಈಯಮ್ಮಂದು. ಕೋಟು ನಂದು."

ಕೋಣೆಯಲ್ಲಿ ನಗು ಹರಿದಾಡಿತು. ಅಳುತ್ತಿದ್ದವರೂ ನಕ್ಕರು. ಅಣ್ಣ ತಲೆಯೆತ್ತಿಕೊಂಡೇ ಬಂದು ಕೂತ.

ಎಲ್ಲ ಮುಗಿದು ತಮ್ಮನನ್ನು ಒಯ್ಯುವ ವಾಹನ ಹೊರಗೆ ಬಿಸಿಲಲ್ಲಿ ಬಂದು ನಿಂತಿತು. ಜನ ಒಬ್ಬೊಬ್ಬರಾಗಿ ಬಾಗಿಲಾಚೆ ನಿಂತಿದ್ದ ಅವನ ಹೆಂಡತಿಯ ಹತ್ತಿರ ಬಂದು ಕೈ ಹಿಡಿದು ಹೋದರು. ಟೀಚರ್ ಮಾತ್ರ ಬಹಳ ಹೊತ್ತು ತಬ್ಬಿಕೊಂಡಿದ್ದಳು. ಅವಳು ಸರಿದ ಮೇಲೆ ಅಣ್ಣ ನೋಡಿದ: ತಮ್ಮನ ಹೆಂಡತಿಯ ಹೆಗಲ ಮೇಲೆ ಉದ್ದನೆಯ ಗುಂಗುರು ಕೂದಲೊಂದು ಸಿಕ್ಕಿಕೊಂಡಿತ್ತು. ತೆಗೆಯಲು ಕೈ ಚಾಚಿದ.

"ಇರ್ಲಿ ಬಿಡಿ ಭಾವ," ಎಂದಳು ಅವಳು.

ಅವನ ಕೈ ಅಲ್ಲೇ ನಿಂತಿತು. ಇಬ್ಬರೂ ಬಾಗಿ ನೋಡಿದರು. ಬುಡದಲ್ಲಿ ಕಡುಗಂದು, ಸುರುಳಿ ತಿರುಗುವಲ್ಲೆಲ್ಲ ತಾಮ್ರ, ತುದಿಯಲ್ಲಿ ಹೆಚ್ಚುಕಮ್ಮಿ ನೀಲಿ. ಅವಳು ಉಸಿರಾಡಿದಾಗಲೆಲ್ಲ ಬಿಸಿಲು ಅದರ ಒಂದು ಬಳುಕಿನಿಂದ ಇನ್ನೊಂದಕ್ಕೆ ಜಾರುತ್ತಿತ್ತು.