ಮೇಕೆ ಮುಟ್ಟದ ಗಿಡ

ಹಳೇಕೋಟೆ ಬಳಿಯ ಹಳ್ಳಿಯಲ್ಲಿ ಬೆಟ್ಟಮ್ಮನ ಮನೆಯ ಒರಳಿಗೆ ಮೂರು ದಿನದಿಂದ ಬೇರೆಯೇ ಕೆಲಸ. ಹಿತ್ತಲಿನ ನಿತ್ಯಪುಷ್ಪದ ಎಲೆಯನ್ನು ಹಿಡಿಗಟ್ಟಲೆ ಅರೆದು, ಬೆಲ್ಲ ಬೆರೆಸಿ ಮೊಮ್ಮಗಳು ಸಿಂಧುವಿಗೆ ಕುಡಿಸುತ್ತಿದ್ದಳು. ಒಂಬತ್ತು ವರ್ಷದ ಸಿಂಧುವಿಗೆ ರಕ್ತದ ಕ್ಯಾನ್ಸರ್. ಒಂದು ವರ್ಷದ ಚಿಕಿತ್ಸೆಯಲ್ಲಿ ಮೈಕೈ ತುಂಬಿಕೊಂಡು, ಕೂದಲು ಮತ್ತೆ ಚಿಗುರಿತ್ತು. ಸೋಮವಾರ ಬೆಂಗಳೂರಿಗೆ ಇಂಜೆಕ್ಷನ್ನಿಗೆ ಹೋಗಬೇಕು. ಹೋಗುವುದು ಬೇಡ ಎಂದು ಬೆಟ್ಟಮ್ಮ ತೀರ್ಮಾನಿಸಿಬಿಟ್ಟಿದ್ದಳು.

ಶುಕ್ರವಾರ ಆಶಾ ಕಾರ್ಯಕರ್ತೆ ಮೇಘಶ್ರೀ ಬಂದಳು. "ಸೋಮವಾರದ ಬಸ್ಸಿಗೆ ಸಿಂಧು ರೆಡಿನಾ, ಅವ್ವ?"

"ಯಾಕವ್ವ ಓಗ್ಬೇಕು? ಆ ಇಂಜಕ್ಸನ್ನ ಈ ಗಿಡದಿಂದ್ಲೇ ಮಾಡೋದಂತೆ. ನನ್ ಮಗ ಕಾಂತರಾಜು ಮೊಬೈಲಲ್ಲಿ ಓದಿ ಯೋಳ್ದ. ಸುಳ್ಳಾ?"

"ಸುಳ್ಳಲ್ಲ. ನಿಜ."

ಬೆಟ್ಟಮ್ಮ ಗೆದ್ದವಳಂತೆ ಸೆರಗು ಸರಿಮಾಡಿಕೊಂಡಳು. "ಅಂಗಾರೆ ಹಿತ್ಲಲ್ಲೇ ಇರೋದ್ನ ಬುಟ್ಟು, ಮಗೀಗೆ ಸೂಜಿ ಚುಚ್ಚಿಸೋಕೆ ಅಷ್ಟ್ ದೂರ ಓಗೋಕೆ ನಾನೇನ್ ದಡ್ಡೀನಾ?"

ಮೇಘಶ್ರೀ ವಾದಕ್ಕಿಳಿಯಲಿಲ್ಲ. ಹಿತ್ತಲ ಕಡೆ ನೋಡಿದಳು. ಬೇಲಿಯ ದಾಸವಾಳವನ್ನು ಮೇಕೆಗಳು ಬೋಳು ಮಾಡಿದ್ದವು. ನಿತ್ಯಪುಷ್ಪ ಮಾತ್ರ ಎಲೆತುಂಬ ನಿಂತಿತ್ತು.

"ನಿಮ್ ಮೇಕೆ ಅದೊಂದ್ನ ಯಾಕವ್ವ ಬಿಟ್ಟವೆ?"

"ಅದ್ನ ಮುಟ್ಟಲ್ಲ ಕಣವ್ವ. ಮೂಸ್ ನೋಡಿ ಮುಂದಕ್ಕೋಯ್ತವೆ. ಸಣ್ ಮರಿನೂ ಅಷ್ಟೇ..."

ಬೆಟ್ಟಮ್ಮ ಗಿಡದ ಕಡೆ ತಿರುಗಿ ನೋಡಿದಳು. ನಲವತ್ತು ವರ್ಷ ಮೇಕೆ ಮೇಯಿಸಿದವಳು ಅವಳು. ಅವು ಒಂದು ಗಿಡವನ್ನು ಯಾಕೆ ಬಿಡುತ್ತವೆ ಎಂದು ಯಾರೂ ಹೇಳಿಕೊಡಬೇಕಿರಲಿಲ್ಲ.

"ಮೂಟೆಗಟ್ಲೆ ಎಲೆಯಿಂದ ಬೇಕಾದ ಅಂಶ ಒಂದ್ ಚಿಟಿಕೆ ಸಿಕ್ಕೋದೂ ಕಷ್ಟ. ಎಲೇಲಿ ವಿಷನೂ ಐತೆ," ಎಂದಳು ಮೇಘಶ್ರೀ. "ಬೇಕಾದ್ದನ್ನ ಬೇರೆ ಮಾಡಿ, ಮಗೀನ ರಕ್ತ ನೋಡಿ, ಇಷ್ಟೇ ಅಂತ ನರಕ್ಕೆ ಕೊಡ್ತಾರೆ. ಜೊತೆಗೆ ಬೇರೆ ಔಷಧಿಗಳೂ ಇರ್ತವೆ. ನೀವು ಹಿಡೀಲಿ ಅಳೀತಿದೀರಿ."

"ಮಗು ಗೆಲುವಾಗವ್ಳಲ್ಲವ್ವ."

"ಗೆಲುವಾಗಿರೋದೇ ಚಿಕಿತ್ಸೆಯಿಂದ. ಮಧ್ಯ ಬಿಟ್ರೆ ಕಾಯಿಲೆ ತಿರುಗಿ ಬರ್ಬೋದು."

ಒಳಗಿಂದ ಸಿಂಧು ಕೇಳಿದಳು: "ಅಜ್ಜೀ, ಇವತ್ತೂ ಆ ಕಹಿ ಕುಡೀಬೇಕಾ? ನೆನ್ನೆ ವಾಂತಿ ಆಯ್ತು."

ಮೇಘಶ್ರೀ ತಕ್ಷಣ ಫೋನ್ ತೆಗೆದಳು. "ಸೋಮವಾರದವರ್ಗೂ ಕಾಯೋದು ಬೇಡ. ಈಗ್ಲೇ ಬೆಂಗ್ಳೂರ್ ಡಾಕ್ಟ್ರಿಗೆ ಹೇಳ್ಬೇಕು."

ಬೆಟ್ಟಮ್ಮ ಕೈ ಚಾಚಿದಳು. "ಇಲ್ಲಿ ಕೊಡು. ಕುಡ್ಸಿದೋಳು ನಾನು, ನಾನೇ ಯೋಳ್ತೀನಿ. ಬೈದ್ರೆ ಬೈಲಿ."

ಡಾಕ್ಟರು ಬೈಯಲಿಲ್ಲ. ಎಷ್ಟು ದಿನ, ಎಷ್ಟು ಲೋಟ ಎಂದು ಕೇಳಿ, ಅಂದೇ ಹಾಸನದಲ್ಲಿ ತೋರಿಸಿ ರಕ್ತಪರೀಕ್ಷೆ ಮಾಡಿಸಲು ಹೇಳಿದರು. ಬೆಟ್ಟಮ್ಮ ಒರಳನ್ನು ಎರಡು ಸಲ ತೊಳೆದು, ಸಿಂಧುವನ್ನು ಕರೆದುಕೊಂಡು ಹಾಸನಕ್ಕೆ ಹೊರಟಳು. ಸೋಮವಾರ ಮಗ, ಮೊಮ್ಮಗಳ ಜೊತೆ ಬೆಂಗಳೂರಿನ ಬಸ್ಸನ್ನೂ ಹತ್ತಿದಳು.

ಇನ್ನೂ ಅನೇಕ ಗಿಡಗಳ ಸಾರವನ್ನು ವಿಜ್ಞಾನಿಗಳು ರಕ್ತದ ಕ್ಯಾನ್ಸರಿಗಾಗಿ ಪರೀಕ್ಷಿಸುತ್ತಿದ್ದಾರೆ. ಲ್ಯಾಬಿನಲ್ಲಿ ಕಂಡ ಭರವಸೆ ಔಷಧಿಯಾಗಲು ವರ್ಷಗಳು ಬೇಕು. ಎಲ್ಲವೂ ಆಗುವುದೂ ಇಲ್ಲ. ನಿಮ್ಮ ಒರಳಿನಲ್ಲಿ ಆ ಪರೀಕ್ಷೆ ಮಾಡಬೇಡಿ. ಮಗು ಗೆಲುವಾಯಿತೆಂದು ಚಿಕಿತ್ಸೆ ನಿಲ್ಲಿಸಬೇಡಿ. ಏನಾದರೂ ಕುಡಿಸಿದ್ದರೆ ಮುಚ್ಚಿಡದೆ ಇಂದೇ ಡಾಕ್ಟರಿಗೆ ತಿಳಿಸಿ. ಬೆಟ್ಟಮ್ಮ ಹೇಳಿದಳು, ನೀವೂ ಹೇಳಿ.