ವರದಿಯ ಆರನೆಯ ಸಾಲು

ನಿಂಗವ್ವನ ಮೊಮ್ಮಗಳು ಪದ್ಮಶ್ರೀಗೆ ಎರಡು ತಿಂಗಳಲ್ಲಿ ಮೂರನೇ ಸಲ ಹೊಟ್ಟೆ ಕೆಟ್ಟಿತ್ತು. ಓಣಿಯೆಲ್ಲ ಕುಣಿದಾಡುತ್ತಿದ್ದ ನಾಲ್ಕು ವರ್ಷದ ಹುಡುಗಿ ಈಗ ಅಜ್ಜಿಯ ಸೆರಗು ಹಿಡಿದು ಮಂಕಾಗಿ ಕೂತಿದ್ದಳು. ಅಂಥ ಹೊತ್ತಿನಲ್ಲೇ ಮಗ ಗೌರೀಶ ಪಂಚಾಯಿತಿಯ ಕರಪತ್ರ ತಂದ. ಬೆಳಗಾವಿಯ ಆಟೋ ನಗರದಲ್ಲಿ ಗಾಡಿ ರಿಪೇರಿ ಮಾಡುವ ಅವನಿಗೆ ಅಚ್ಚಾಗಿ ಬಂದದ್ದೆಲ್ಲ ನಿಜವೆಂಬ ನಂಬಿಕೆ.

ಕರಪತ್ರದ ಹೆಸರು ‘ಈ ವರ್ಷ ನಮ್ಮೂರು’. ಖಾನಾಪುರ ರಸ್ತೆಯ ಆ ಪುಟ್ಟ ಊರಿನಲ್ಲಿ ವರ್ಷವಿಡೀ ಆದ ಕೆಲಸಗಳು, ದುಡಿದ ಸ್ವಯಂಸೇವಕರ ಹೆಸರು ಎಲ್ಲವೂ ಅದರಲ್ಲಿತ್ತು. ಸೋಮವಾರದ ಗ್ರಾಮಸಭೆಯಲ್ಲಿ ಅದನ್ನು ಓದಿ, ದುಡಿದವರಿಗೆ ಶಾಲು ಹೊದಿಸುವವರಿದ್ದರು. ಗೌರೀಶ ಊಟಕ್ಕೆ ಕೂತು ಗಟ್ಟಿಯಾಗಿ ಓದಿದ. ಆರನೆಯ ಸಾಲು ಹೀಗಿತ್ತು: ‘ಊರಿನ ಹದಿನಾಲ್ಕೂ ಬಾವಿ, ಬೋರುಗಳ ನೀರು ಪರೀಕ್ಷೆಯಾಗಿದೆ. ಎಲ್ಲವೂ ಕುಡಿಯಲು ಯೋಗ್ಯ.’

ರೊಟ್ಟಿ ಬಡಿಯುತ್ತಿದ್ದ ನಿಂಗವ್ವನ ಕೈ ನಿಂತಿತು. “ನಮ್ಮ ಓಣಿ ಬಾವೀದೂ ಮಾಡ್ಯಾರೇನು?”

“ಐತಲ್ಲಬೇ ಇದರಾಗ. ಜಿನಮತಿ ಅಕ್ಕಾರು ಮಾಡ್ಯಾರ.”

ನಿಂಗವ್ವನಿಗೆ ಇದು ಗಂಟಲಲ್ಲಿ ಇಳಿಯಲಿಲ್ಲ. ಬೆಳಿಗ್ಗೆ ಸಂಜೆ ಆ ಬಾವಿಕಟ್ಟೆಯ ಮೇಲೇ ಇರುವವಳು ಅವಳು. ಅದೇ ಓಣಿಯ ಜಿನಮತಿ ಪರೀಕ್ಷೆಯ ಬಾಟಲಿ ಹಿಡಿದು ಬಂದದ್ದನ್ನು ಒಂದು ದಿನವೂ ನೋಡಿರಲಿಲ್ಲ. ಮನೆಯಲ್ಲಿ ಕೂತು ಕಾಗದ ತುಂಬಿದ್ದಾಳೆ, ಸೋಮವಾರ ಶಾಲು ಹೊದ್ದುಕೊಳ್ಳುತ್ತಾಳೆ ಎಂದು ಅವಳ ಮನಸ್ಸು ಲೆಕ್ಕ ಹಾಕಿತು. ಅನುಮಾನ ಒಮ್ಮೆ ಒಳಗೆ ಬಂದರೆ ಸುಮ್ಮನೆ ಕೂಡುತ್ತದೆಯೇ? ಜಿನಮತಿಯ ಮನೆಯಲ್ಲಿ ನೀರು ಸೋಸಿ, ಕಾಯಿಸಿ ಕುಡಿಯುವುದು ನೆನಪಾಯಿತು. ಊರಿಗೆ ಯೋಗ್ಯವೆಂದು ಬರೆದ ನೀರನ್ನು ತಾನು ಮಾತ್ರ ಹಾಗೇ ಯಾಕೆ ಕುಡಿಯುವುದಿಲ್ಲ? ಶಾಲಿಗಾಗಿ ಯಾರೂ ಸುಳ್ಳು ಬರೆಯುವುದಿಲ್ಲ ಎಂದು ಗೌರೀಶ ಎಷ್ಟು ಹೇಳಿದರೂ ಅವಳು ಕೇಳಲಿಲ್ಲ.

ಮರುದಿನ ಬೆಳಿಗ್ಗೆ ಸೆರಗು ಬಿಗಿದು ಜಿನಮತಿಯ ಮನೆಗೆ ಹೋದಳು.

ಜಿನಮತಿ ಜೈನರ ಮನೆಯ ಸೊಸೆ, ಮಹಿಳಾ ಸಂಘದವಳು. ಪಂಚಾಯಿತಿ ಕೊಡಿಸಿದ ತರಬೇತಿ ಪಡೆದು ತನ್ನ ಓಣಿಯ ನೀರಿನ ಪರೀಕ್ಷೆ ವಹಿಸಿಕೊಂಡಿದ್ದಳು. ಬರ್ರಿ, ಕುಂದರ್ರಿ ಎಂದು ಮಣೆ ಹಾಕಿದಳು. ನಿಂಗವ್ವ ಕೂಡಲಿಲ್ಲ. ಪರೀಕ್ಷೆಯ ಪುರಾವೆ ತೋರಿಸು ಎಂದಳು. ಜಿನಮತಿ ಬೇಸರಿಸದೆ ಪೆಟ್ಟಿಗೆ ತೆರೆದು ಸಣ್ಣ ಬಾಟಲಿಗಳನ್ನೂ, ತಾರೀಖು ಬರೆದ ವಹಿಯನ್ನೂ ಮುಂದಿಟ್ಟಳು. ಹೊಲಸು ಸೇರಿದ ನೀರಾದರೆ ಎರಡು ದಿನದೊಳಗೆ ಬಾಟಲಿ ಕಪ್ಪಾಗುತ್ತದೆ, ತಾನು ಇಟ್ಟದ್ದು ಕಪ್ಪಾಗಲಿಲ್ಲ ಎಂದಳು.

“ನೀ ಬಾವಿಗೆ ಬಂದದ್ದ ನಾ ನೋಡಿಲ್ಲ. ಬಾಟ್ಲಿಗೆ ನೀರು ಎಲ್ಲಿಂದ ತುಂಬಿದಿ?”

“ಮನ್ಯಾಗಿಂದರಿ ಕಾಕು. ಅದೂ ಅದ ಬಾವಿ ನೀರ. ಅವತ್ತು ಮಳಿ ಜೋರಿತ್ತು, ಚಾತುರ್ಮಾಸದ ವ್ರತ ಬ್ಯಾರೆ. ಸೋಸಲಾರದ ನೀರು ಬಾಟ್ಲ್ಯಾಗ ಹಾಕಿ ಮುಚ್ಚಿಡಾಕ ಮನಸ್ಸ ಬರಲಿಲ್ಲ. ಅದರಾಗ ಸಣ್ಣ ಜೀವ ಇರತಾವ. ಅದಕ್ಕ ಸೋಸಿ, ಕುದಿಸಿ ಆರಿಸಿದ್ದು...”

ಅಲ್ಲಿಗೆ ಅವಳ ಮಾತು ನಿಂತಿತು. ಮುಖದ ಬಣ್ಣ ಇಳಿಯಿತು. ಕುದಿಸಿದ ನೀರು ಕಪ್ಪಾಗುವುದಾದರೂ ಹೇಗೆ? ಅವಳು ಪರೀಕ್ಷೆ ಮಾಡಿದ್ದು ಬಾವಿಯನ್ನಲ್ಲ, ತನ್ನ ಮನೆಯ ಮಡಿಯನ್ನು.

ಕಳ್ಳಿಯನ್ನು ಹಿಡಿಯಲು ಬಂದ ನಿಂಗವ್ವನಿಗೆ ಅಲ್ಲಿ ಸಿಕ್ಕಿದ್ದು ಇರುವೆಯನ್ನೂ ನೋಯಿಸದ ಹೆಂಗಸು. ಹೊತ್ತು ತಂದ ಸಿಟ್ಟನ್ನು ಎಲ್ಲಿ ಇಳಿಸಬೇಕೆಂದು ತಿಳಿಯದೆ ಕೊನೆಗೆ ಮಣೆಯ ಮೇಲೆ ಕೂತಳು. “ಆತು ಬಿಡು. ನಿನಗ ಮನಸ್ಸ ಬರೂದಿಲ್ಲಂದ್ರ ನಾ ತುಂಬತೀನಿ. ಹೆಂಗ ತುಂಬೂದು, ಅದನ್ನ ಹೇಳು.”

ಇಬ್ಬರೂ ಬಾವಿಗೆ ಹೋದರು. ಜಿನಮತಿ ಹೇಳಿದಂತೆ ನಿಂಗವ್ವ ಕೈ ತೊಳೆದಳು, ಬಾಟಲಿಯ ಬಾಯಿಗೆ ಬೆರಳು ತಾಗಿಸದೆ, ಆಗಷ್ಟೇ ಸೇದಿದ ನೀರನ್ನು ಗೆರೆಯವರೆಗೆ ತುಂಬಿದಳು. ಶನಿವಾರ ಬೆಳಿಗ್ಗೆ ನೋಡಿದರೆ ಬಾಟಲಿ ಕಾಡಿಗೆಯಂತೆ ಕಪ್ಪಾಗಿತ್ತು. ಗೆದ್ದೆ ಎಂಬ ಖುಷಿ ನಿಂಗವ್ವನಿಗೆ ಆಗಲಿಲ್ಲ. ಮೊಮ್ಮಗಳಿಗೆ ದಿನಾ ತಾನೇ ಕೈಯಾರೆ ಕುಡಿಸಿದ ಲೋಟ ನೆನಪಾಯಿತು.

ಇಬ್ಬರೂ ಪಂಚಾಯಿತಿಗೆ ಹೋದರು. ಕರಪತ್ರ ಅಚ್ಚಾಗಿ ಹೋಗಿದೆ, ಮುಂದಿನ ವರ್ಷದ ವರದಿಯಲ್ಲಿ ತಿದ್ದೋಣ ಎಂದರು ಅಧಿಕಾರಿ.

“ಮುಂದಿನ ವರ್ಷದ ತನಕ ನನ್ನ ಮೊಮ್ಮಗಳು ಯಾವ ನೀರು ಕುಡೀಬೇಕ್ರಿ?” ಎಂದು ಕೇಳಿದಳು ನಿಂಗವ್ವ. ಅಧಿಕಾರಿ ಬೇರೆ ಕಾಗದ ಎಳೆದುಕೊಂಡರು.

ಸೋಮವಾರ ಸಭೆಯಲ್ಲಿ ಶಾಲು ಹೊದಿಸಲು ಜಿನಮತಿಯನ್ನು ಕರೆದರು. ಅವಳು ಶಾಲಿಗೆ ಕೈ ಚಾಚಲಿಲ್ಲ, ಮೈಕು ಕೇಳಿದಳು. ಕಪ್ಪಾದ ಬಾಟಲಿಯನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದಳು.

“ಆರನೇ ಸಾಲು ತಪ್ಪೈತ್ರಿ. ತಪ್ಪು ನಂದು. ನಮ್ಮ ಓಣಿ ಬಾವಿ ನೀರು ಕುದಿಸಲಾರದ ಯಾರೂ ಕುಡೀಬ್ಯಾಡ್ರಿ.”

ಸಭೆಯಲ್ಲಿ ಗುಸುಗುಸು ಎದ್ದಿತು. ಆಗ ಎದ್ದು ನಿಂತವನು ಗೌರೀಶ, ಅಚ್ಚಾದದ್ದನ್ನೆಲ್ಲ ನಂಬುತ್ತಿದ್ದವನು. ಜೇಬಿನಿಂದ ಪೆನ್ನು ತೆಗೆದು ತನ್ನ ಕರಪತ್ರದ ಆರನೆಯ ಸಾಲನ್ನು ಹೊಡೆದುಹಾಕಿ, ಪೆನ್ನನ್ನು ಪಕ್ಕದವರಿಗೆ ಕೊಟ್ಟ. ಅದು ಕೈಯಿಂದ ಕೈಗೆ ಸಾಗಿ ಕೊನೆಗೆ ಅಧಿಕಾರಿಯ ಮುಂದೆ ಬಂತು. ಅವರೂ ತಿದ್ದಿದರು.

ಆ ವಾರವೇ ಬಾವಿಯ ಪಕ್ಕದ ಒಡೆದ ಗಟಾರ ರಿಪೇರಿಯಾಯಿತು, ಬಾವಿಗೆ ಬ್ಲೀಚಿಂಗ್ ಪೌಡರ್ ಬಿತ್ತು. ಮತ್ತೆ ಪರೀಕ್ಷೆ ಮಾಡಿದಾಗ ಬಾಟಲಿ ಕಪ್ಪಾಗಲಿಲ್ಲ. ಪದ್ಮಶ್ರೀ ಈಗ ಓಣಿಯಲ್ಲಿ ಕುಣಿಯುತ್ತಾಳೆ. ಈಗ ನೀರು ತುಂಬುವುದು ನಿಂಗವ್ವ, ಬರೆದಿಡುವುದು ಜಿನಮತಿ. ಹಾಗೆಂದು ನಿಂಗವ್ವನ ಅನುಮಾನ ಹೋಗಿಲ್ಲ. ಬರೆದದ್ದನ್ನು ಎರಡು ಸಲ ಓದಿಸಿಕೊಂಡೇ ಅವಳು ಮನೆಗೆ ಹೋಗುವುದು.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮೂರಿನ ವರ್ಷದ ವರದಿಯನ್ನೂ ಹೀಗೇ ಓದಿಸಿಕೊಳ್ಳಿ. ಗ್ರಾಮಸಭೆಗೆ ಹೋಗಿ, ಅನುಮಾನ ಬಂದರೆ ಕೇಳಿ. ನಿಮ್ಮ ಬಾವಿಯ ನೀರನ್ನು ನಿಮ್ಮ ಕಣ್ಣೆದುರೇ, ಸೋಸದೆ ಕುದಿಸದೆ, ಬಾವಿಯಿಂದಲೇ ತುಂಬಿಸಿ ಪರೀಕ್ಷೆ ಮಾಡಿಸಿ. ಕುಡಿಯುವಾಗ ಮಾತ್ರ ಸೋಸಿ, ಕುದಿಸಿ ಕುಡಿಯಿರಿ. ಬಾಟಲಿ ತುಂಬುವಾಗ ಬಾವಿಕಟ್ಟೆಯ ಮೇಲೆ ನೀವೂ ನಿಂತಿರಿ.